ಕಿರುಪರೀಕ್ಷೆಯನ್ನು ಬಿಡಬೇಡಿ, ಸರಾಸರಿಯನ್ನು ಬಿಡಿ

ಹಿಂದುಳಿದ ಮಕ್ಕಳಿಗೆ ಅನ್ಯಾಯವಾಗಬಾರದೆಂದು ತಮ್ಮ ಶಾಲೆಯ ಕಿರುಪರೀಕ್ಷೆಗಳನ್ನೆಲ್ಲ ರದ್ದುಪಡಿಸಬೇಕೇ ಎಂದು ಕೇಳಿದ್ದೀರಿ. ಗಣಿತ ಶಿಕ್ಷಕನಾಗಿ ನಾನೂ ಹೀಗೆಯೇ ಯೋಚಿಸಿದ್ದೆ, ಆದರೆ ಒಬ್ಬ ವಿದ್ಯಾರ್ಥಿನಿಗೆ ಅನ್ಯಾಯ ಮಾಡಿದ ಮೇಲೆ.

ಭಿನ್ನರಾಶಿಯೇ ಬಾರದೆ ನನ್ನ ತರಗತಿಗೆ ಬಂದ ಆಕೆ ನಾಲ್ಕು ಕಿರುಪರೀಕ್ಷೆಗಳಲ್ಲಿ ಕ್ರಮವಾಗಿ 10, 30, 70, 90 ಅಂಕ ಪಡೆದಳು, ಸರಾಸರಿ 50. ನಾಲ್ಕರಲ್ಲೂ 60 ಪಡೆದ ಸಹಪಾಠಿಯ ಸರಾಸರಿ 60. ಮೇಲಿನ ಗುಂಪಿಗೆ ಸೇರಲು ಸರಾಸರಿ 55 ಬೇಕಿತ್ತು. ವರ್ಷದ ಕೊನೆಗೆ ಇಬ್ಬರಲ್ಲಿ ಹೆಚ್ಚು ಬಲ್ಲವಳು ಯಾರೆಂದು ಇಡೀ ತರಗತಿಗೆ ಗೊತ್ತಿದ್ದರೂ, ನನ್ನ ಲೆಕ್ಕ ಅವಳನ್ನೇ ಕೆಳಗಿಳಿಸಿತು. "ಮೊದಲನೆಯದನ್ನು ಬಿಟ್ಟು ಲೆಕ್ಕ ಹಾಕಬಹುದೇ, ಸರ್?" ಎಂದು ಕೇಳಿದಳು. ಬಿಟ್ಟಿದ್ದರೆ 63 ದಾಟುತ್ತಿತ್ತು. ನಿಯಮ ಎಲ್ಲರಿಗೂ ಒಂದೇ ಎಂದುಬಿಟ್ಟೆ.

ಎಲ್ಲರಿಗೂ ಒಂದೇ ಆಗಿದ್ದ ಆ ನಿಯಮ, ತಡವಾಗಿ ಆರಂಭಿಸಿದವರಿಂದ ಮಾತ್ರ ದಂಡ ವಸೂಲಿ ಮಾಡುತ್ತಿತ್ತು. ಕಲಿಕೆಯ ನಡುವೆ ದಾರಿ ತಿದ್ದಿಕೊಳ್ಳಲು ಮಾಡುವ ರೂಪಣಾತ್ಮಕ ಮೌಲ್ಯಮಾಪನ ಬೇರೆ, ಕೊನೆಯಲ್ಲಿ ತೀರ್ಮಾನಕ್ಕಾಗಿ ಮಾಡುವ ಸಂಕಲನಾತ್ಮಕ ಮೌಲ್ಯಮಾಪನ ಬೇರೆ ಎಂದು ಮೌಲ್ಯಮಾಪನ ತಜ್ಞ ಮೈಕೆಲ್ ಸ್ಕ್ರಿವೆನ್ 1967ರಲ್ಲೇ ವಿಂಗಡಿಸಿದ್ದರು. ತರಬೇತಿಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದ ನಾನೇ, ಏನು ಕಲಿಸಬೇಕೆಂದು ತಿಳಿಯಲು ಕೊಟ್ಟ ಮೊದಲ ಪರೀಕ್ಷೆಯ ಅಂಕವನ್ನು ಕೊನೆಯ ತೀರ್ಪಿನೊಳಗೆ ಕೂಡಿಸಿದ್ದೆ. ಆ 10 ಅಂಕದಿಂದಲೇ ನಾನು ಅವಳಿಗೆ ಭಿನ್ನರಾಶಿಯನ್ನು ಮತ್ತೆ ಕಲಿಸಿದ್ದು. ಅವಳು ಅದನ್ನು ಕಲಿತಾದ ಮೇಲೆ ಆ ಅಂಕಕ್ಕೆ ಅರ್ಥವೇ ಉಳಿದಿರಲಿಲ್ಲ.

ಆದ್ದರಿಂದ ಪರೀಕ್ಷೆಯೇ ಅಸಮಾನತೆಯ ಮೂಲವೆಂಬ ತಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕಿರುಪರೀಕ್ಷೆ ಇಲ್ಲದಿದ್ದರೆ ಅವಳ ಕೊರತೆ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ಕೇಳಲು ಹಿಂಜರಿಯುವ ಮಕ್ಕಳ ಗತಿ ಆಗ ಇನ್ನೂ ಕೆಡುತ್ತದೆ. ಪರೀಕ್ಷೆ ಇರಲಿ, ಅದರ ಅಂಕ ವರ್ಷದ ಮೊತ್ತಕ್ಕೆ ಸೇರದಿರಲಿ. ಉತ್ತರಪತ್ರಿಕೆಯ ಮೇಲೆ ಅಂಕವನ್ನೂ ಬರೆಯದೆ, ಎಲ್ಲಿ ತಪ್ಪಿದೆ, ಮುಂದೇನು ಮಾಡಬೇಕು ಎಂದಷ್ಟೇ ಬರೆಯಿರಿ. ಶಿಕ್ಷಣ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟಿಪ್ಪಣಿ ಮಾತ್ರ ಪಡೆದ ಮಕ್ಕಳು ಮುಂದೆ ಸುಧಾರಿಸಿದರು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಕೊಟ್ಟಾಗ ಆ ಲಾಭ ಕಾಣಲಿಲ್ಲ. ಪೋಷಕರು ಅಂಕ ಕೇಳಿಯೇ ಕೇಳುತ್ತಾರೆ. ಈಗ ನಾನು ಅವರಿಗೆ ಮಗುವಿನ ಹಳೆಯ ಮತ್ತು ಹೊಸ ಉತ್ತರಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುತ್ತೇನೆ.