ಮೂಡಲ್‌ಗೂ ಲ್ಯಾಬ್‌ಗೂ ಒಂದೇ ಪಾಸ್‌ವರ್ಡ್: ಕಾಲೇಜಿನಲ್ಲೇ ಎಲ್‌ಡ್ಯಾಪ್ ಸರ್ವರ್ ಇಡಬಹುದಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಶಿರಸಿ ಕಡೆಯ ಡಿಗ್ರಿ ಕಾಲೇಜು, ಸುಮಾರು 700 ವಿದ್ಯಾರ್ಥಿಗಳು, ಲ್ಯಾಬಿನ ಉಬುಂಟು (ಲಿನಕ್ಸ್) ಸರ್ವರ್‌ನಲ್ಲಿ ಮೂಡಲ್, ಅಂದರೆ ಆನ್‌ಲೈನ್ ಪಾಠ, ಟೆಸ್ಟ್ ನಡೆಸುವ ತಂತ್ರಾಂಶ, ಈಗಾಗಲೇ ನಡೆಯುತ್ತಿದೆ. ಮೂಡಲ್‌ಗೂ ಲ್ಯಾಬ್ ಕಂಪ್ಯೂಟರ್‌ಗೂ ಒಂದೇ ಪಾಸ್‌ವರ್ಡ್ ಬೇಕು, ಹಳೆಯ ಮಾರ್ಕ್ಸ್ ಹೋಗಬಾರದು. ಅದಕ್ಕೆ ಎಲ್‌ಡ್ಯಾಪ್ ಸರ್ವರ್, ಅಂದರೆ ಎಲ್ಲರ ಹೆಸರು, ಪಾಸ್‌ವರ್ಡ್ ಒಂದೇ ಕಡೆ ಇಡುವ ಡೈರೆಕ್ಟರಿ, ಕಾಲೇಜಿನಲ್ಲೇ ಇಡಬಹುದಾ?

ಇಡಬಹುದು. ಕಾರವಾರದ ಒಂದು ಕಾಲೇಜಿನಲ್ಲಿ ಇದೇ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ಬರೀ ಮೂಡಲ್‌ಗಾಗಿ ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ವಿದ್ಯಾರ್ಥಿಗಳ ಪಟ್ಟಿಯ ಸಿಎಸ್‌ವಿ ಫೈಲ್ ಅಪ್‌ಲೋಡ್ ಮಾಡಿದರೆ ಮುಗಿಯಿತು. ಲ್ಯಾಬ್ ಕೂಡ ಸೇರಿರುವುದರಿಂದ ಮಾಡಿ. ಸರ್ವರ್ ಕಾಲೇಜಿನೊಳಗೇ ಇರಲಿ. ಮಳೆಗಾಲದಲ್ಲಿ ಘಟ್ಟದ ಮೇಲೆ ಮರ ಬಿದ್ದು ಕೇಬಲ್ ತುಂಡಾದ ದಿನವೂ ಟೆಸ್ಟ್ ನಡೆಯಬೇಕು.

ಓಪನ್‌ಎಲ್‌ಡ್ಯಾಪ್ ಎನ್ನುವ ಉಚಿತ ಎಲ್‌ಡ್ಯಾಪ್ ತಂತ್ರಾಂಶ ಹಾಕುವುದು ಅರ್ಧ ಗಂಟೆಯ ಕೆಲಸ. ಉಬುಂಟುವಿನಲ್ಲಿ ಸ್ಲ್ಯಾಪ್‌ಡಿ ಪ್ಯಾಕೇಜ್ (ಇದೇ ಸರ್ವರ್), ಎಲ್‌ಡ್ಯಾಪ್ ಯುಟಿಲ್ಸ್, ಜೊತೆಗೆ ಮೂಡಲ್‌ಗೆ ಪಿಎಚ್‌ಪಿಯ ಎಲ್‌ಡ್ಯಾಪ್ ಎಕ್ಸ್‌ಟೆನ್ಶನ್. ಡೊಮೇನ್ ಹೆಸರು ಕೇಳಿದಾಗ ಕೊನೆಗೆ 'ಡಾಟ್ ಲೋಕಲ್' ಮಾತ್ರ ಕೊಡಬೇಡಿ, ಲಿನಕ್ಸ್ ಕಂಪ್ಯೂಟರ್‌ಗಳು ಅದನ್ನು ಬೇರೆಯದೇ ದಾರಿಯಲ್ಲಿ ಹುಡುಕುತ್ತವೆ. ಕಾನ್ಫಿಗ್ ಫೈಲ್ ತೆರೆದು ತಿದ್ದಿ ಎನ್ನುವ ಹಳೆಯ ಪಾಠಗಳನ್ನೂ ಬಿಡಿ. ಈಗ ಸೆಟ್ಟಿಂಗ್‌ಗಳೆಲ್ಲ ಡೈರೆಕ್ಟರಿಯ ಒಳಗೇ ಇರುತ್ತವೆ.

ತಲೆ ಓಡಿಸಬೇಕಾದದ್ದು ಯೂಸರ್‌ನೇಮ್ ವಿಷಯದಲ್ಲಿ. ನಮ್ಮ ಜಿಲ್ಲೆಯಲ್ಲಿ ಹೆಸರಿನ ಮೇಲೆ ಲಾಗಿನ್ ಕೊಟ್ಟರೆ ಕೆಟ್ಟಿರಿ. ನಿಮ್ಮಲ್ಲಿ ಒಂದೇ ಕ್ಲಾಸಿನಲ್ಲಿ ಮೂವರು ಸುಬ್ರಾಯ ಹೆಗಡೆ, ನಮ್ಮಲ್ಲಿ ನಾಲ್ವರು ಮಹೇಶ ನಾಯ್ಕ. ರಿಜಿಸ್ಟರ್ ನಂಬರನ್ನೇ ಯುಐಡಿ, ಅಂದರೆ ಎಲ್‌ಡ್ಯಾಪ್‌ನ ಲಾಗಿನ್ ಹೆಸರು, ಮಾಡಿ. ಮೂಡಲ್ ಅದನ್ನು ಸಣ್ಣಕ್ಷರದಲ್ಲಿ ಇಟ್ಟುಕೊಳ್ಳುತ್ತದೆ. ಯುಐಡಿ ಹುಡುಕುವಾಗ ಎಲ್‌ಡ್ಯಾಪ್‌ಗೆ ಸಣ್ಣಕ್ಷರ, ದೊಡ್ಡಕ್ಷರ ಎರಡೂ ಒಂದೇ, ಹಾಗಾಗಿ ಮೂಡಲ್‌ಗೆ ತೊಂದರೆ ಇಲ್ಲ. ಇನ್ನೊಂದು: ಸರ್‌ನೇಮ್ ಕಡ್ಡಾಯ, ಖಾಲಿ ಬಿಟ್ಟರೆ ಎಂಟ್ರಿ ಸೇರುವುದೇ ಇಲ್ಲ. ಅಡ್ಡಹೆಸರು ಇಲ್ಲದವರಿಗೆ ಇನಿಶಿಯಲ್ ಹಾಕಿ. ಲ್ಯಾಬ್ ಲಾಗಿನ್‌ಗೆ ಯೂಸರ್ ಐಡಿ ಸಂಖ್ಯೆ (ಇದು ಮೇಲಿನ ಯುಐಡಿ ಅಲ್ಲ, ಬೇರೆ), ಗ್ರೂಪ್ ಸಂಖ್ಯೆ, ಹೋಮ್ ಫೋಲ್ಡರ್ ಕೂಡ ಬೇಕು, ಅದನ್ನು ಮೊದಲ ದಿನವೇ ಸೇರಿಸಿ.

ಕ್ಲಾಸಿಗೊಂದು ಫೋಲ್ಡರ್ ಮಾಡಬೇಡಿ. ಪ್ರತಿ ವರ್ಷ ಎಲ್ಲರನ್ನೂ ಮುಂದಿನ ಫೋಲ್ಡರ್‌ಗೆ ಸರಿಸುತ್ತ ಕೂರಬೇಕಾಗುತ್ತದೆ. ಎಲ್ಲರೂ ಒಂದೇ ಕಡೆ ಇರಲಿ, ಕ್ಲಾಸನ್ನು ಡಿಪಾರ್ಟ್‌ಮೆಂಟ್ ನಂಬರ್ ಎನ್ನುವ ಜಾಗದಲ್ಲಿ ಬರೆಯಿರಿ.

ಹೆಸರು ಕನ್ನಡದಲ್ಲೇ ಇಡಬಹುದು. ಕಮಾಂಡ್‌ನಲ್ಲಿ ಹುಡುಕಿದಾಗ ಕನ್ನಡ ಹೆಸರಿನ ಜಾಗದಲ್ಲಿ ಎರಡು ಕೋಲನ್, ಅದರ ಮುಂದೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಉದ್ದ ಸಾಲು ಕಾಣುತ್ತದೆ. ಡೇಟಾ ಹಾಳಾಗಿಲ್ಲ ಮಾರಾಯ್ರೆ, ಅದು ಬೇಸ್64, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಡುವ ಒಂದು ವಿಧಾನ. ಮೂಡಲ್‌ನಲ್ಲಿ ಸರಿಯಾಗಿಯೇ ಕಾಣುತ್ತದೆ.

ಮೂಡಲ್‌ಗೆ ಅಡ್ಮಿನ್ ಪಾಸ್‌ವರ್ಡ್ ಕೊಡಬೇಡಿ. ಓದಲು ಮಾತ್ರ ಅನುಮತಿ ಇರುವ ಒಂದು ಅಕೌಂಟ್ ಸಾಕು. ಮೂಡಲ್ ಆ ಅಕೌಂಟ್‌ನಿಂದ ವಿದ್ಯಾರ್ಥಿಯ ಎಂಟ್ರಿ ಹುಡುಕುತ್ತದೆ, ಆಮೇಲೆ ಅವನು ಟೈಪ್ ಮಾಡಿದ ಪಾಸ್‌ವರ್ಡ್‌ನಿಂದ ಅವನ ಹೆಸರಿನಲ್ಲೇ ಸರ್ವರ್ ಬಾಗಿಲು ತಟ್ಟುತ್ತದೆ. ಬಾಗಿಲು ತೆರೆದರೆ ಲಾಗಿನ್. ಮೂಡಲ್, ಎಲ್‌ಡ್ಯಾಪ್ ಎರಡೂ ಒಂದೇ ಯಂತ್ರದಲ್ಲಿದ್ದರೆ ಗೂಢಲಿಪಿ ಇಲ್ಲದ ಮಾಮೂಲು 389 ಪೋರ್ಟ್ ಸಾಕು. ಲ್ಯಾಬ್ ಕಂಪ್ಯೂಟರ್‌ಗಳ ಮಾತು ಬೇರೆ. ಅಲ್ಲಿ ಲಾಗಿನ್ ನೋಡಿಕೊಳ್ಳಲು ಹಾಕುವ ಎಸ್‌ಎಸ್‌ಎಸ್‌ಡಿ ಎನ್ನುವ ಪ್ರೋಗ್ರಾಂ, ಟಿಎಲ್‌ಎಸ್ (ಗೂಢಲಿಪಿ ಸಂಪರ್ಕ) ಇಲ್ಲದೆ ಪಾಸ್‌ವರ್ಡ್ ಕಳಿಸುವುದೇ ಇಲ್ಲ. ಸರ್ಟಿಫಿಕೇಟ್ ಮಾಡಲೇಬೇಕು, ಅದರಲ್ಲಿರುವ ಹೆಸರೂ ಸರ್ವರ್ ಹೆಸರೂ ಒಂದೇ ಇರಬೇಕು. ಎಸ್‌ಎಸ್‌ಎಸ್‌ಡಿಯಲ್ಲಿ ಕ್ಯಾಶ್ ಆನ್ ಮಾಡಿ. ಸರ್ವರ್ ಬಿದ್ದಿದ್ದರೂ, ಆ ಕಂಪ್ಯೂಟರ್‌ನಲ್ಲಿ ಮೊದಲೊಮ್ಮೆ ಲಾಗಿನ್ ಆದವರು ಒಳಗೆ ಹೋಗಬಹುದು. ಕರೆಂಟ್ ಹೋಗಿ ಬರುವ ಊರಿಗೆ ಇದು ದೊಡ್ಡ ಉಪಕಾರ.

ಇನ್ನು ಭಯಪಡಬೇಕಾದ ಜಾಗ. ಮೂಡಲ್‌ನಲ್ಲಿ ಎಲ್‌ಡ್ಯಾಪ್ ಸಿಂಕ್ ಎನ್ನುವ, ಡೈರೆಕ್ಟರಿಗೂ ಮೂಡಲ್ ಅಕೌಂಟ್‌ಗಳಿಗೂ ತಾಳೆ ನೋಡುವ ಕೆಲಸವಿದೆ, ಶುರುವಿನಲ್ಲಿ ಅದು ಆಫ್ ಇರುತ್ತದೆ. ಡೈರೆಕ್ಟರಿಯಲ್ಲಿ ಕಾಣದವರನ್ನು ಏನು ಮಾಡಲಿ ಎಂದು ಒಂದು ಸೆಟ್ಟಿಂಗ್ ಕೇಳುತ್ತದೆ: ಹಾಗೇ ಇಡಲಾ, ಸಸ್ಪೆಂಡ್ ಮಾಡಲಾ, ಪೂರ್ತಿ ಡಿಲೀಟ್ ಮಾಡಲಾ. ಈಗ ನಿಮ್ಮ 700 ನೆನಪಿಸಿಕೊಳ್ಳಿ. ಓಪನ್‌ಎಲ್‌ಡ್ಯಾಪ್ ಒಂದು ಹುಡುಕಾಟಕ್ಕೆ ತಾನಾಗಿ 500 ಎಂಟ್ರಿ ಮಾತ್ರ ಕೊಡುತ್ತದೆ. ಉಳಿದ 200 ಮಂದಿ ಕಾಲೇಜು ಬಿಟ್ಟಿದ್ದಾರೆ ಎಂದು ಮೂಡಲ್ ತಿಳಿಯಬಹುದು. ಡಿಲೀಟ್ ಆಯ್ಕೆ ಮಾಡಿದ್ದರೆ ಗತಿ ಏನು ಹೇಳಿ. ಆ ಓದುವ ಅಕೌಂಟ್‌ಗೆ ಸೈಜ್ ಲಿಮಿಟ್ ತೆಗೆದುಹಾಕಿ, ಅದೇ ಅಕೌಂಟ್‌ನಿಂದ ಹುಡುಕಿ 700 ಹೆಸರೂ ಬರುತ್ತವೆಯೇ ಎಂದು ಕಮಾಂಡ್‌ನಲ್ಲಿ ಎಣಿಸಿ, ಆಮೇಲೆ ಸಿಂಕ್ ಮುಟ್ಟಿ. ಸೆಟ್ಟಿಂಗ್ ಯಾವತ್ತೂ ಸಸ್ಪೆಂಡ್‌ನಲ್ಲೇ ಇರಲಿ. ಸಸ್ಪೆಂಡ್ ಆದವರನ್ನು ವಾಪಸ್ ತರಬಹುದು.

ಹಳೆಯ ಮಾರ್ಕ್ಸ್ ಎಲ್ಲಿಗೂ ಹೋಗುವುದಿಲ್ಲ. ಅವು ಮೂಡಲ್ ಅಕೌಂಟ್‌ಗೆ ಅಂಟಿಕೊಂಡಿರುತ್ತವೆ, ಪಾಸ್‌ವರ್ಡ್ ಎಲ್ಲಿ ಪರೀಕ್ಷೆಯಾಗುತ್ತದೆ ಎನ್ನುವುದಕ್ಕಲ್ಲ. ಆದರೆ ಈಗಿರುವ ಅಕೌಂಟ್‌ಗಳು 'ಮ್ಯಾನುವಲ್' ಆಗಿಯೇ, ಅಂದರೆ ಪಾಸ್‌ವರ್ಡ್ ಮೂಡಲ್‌ನಲ್ಲೇ ಇರುವಂತೆ, ಉಳಿಯುತ್ತವೆ. ಯೂಸರ್‌ನೇಮ್ ಮತ್ತು ಆಥ್ ಎನ್ನುವ ಎರಡು ಕಾಲಮ್‌ಗಳ ಸಿಎಸ್‌ವಿ ಮಾಡಿ, ಆಥ್‌ನಲ್ಲಿ ಎಲ್‌ಡ್ಯಾಪ್ ಎಂದು ಬರೆದು, ಇರುವವರನ್ನು ಅಪ್‌ಡೇಟ್ ಮಾಡುವ ಆಯ್ಕೆಯಲ್ಲಿ ಅಪ್‌ಲೋಡ್ ಮಾಡಿ. ಯೂಸರ್‌ನೇಮ್ ಯುಐಡಿಗೆ ಹೊಂದದಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ, ಇಲ್ಲದಿದ್ದರೆ ಒಬ್ಬರಿಗೇ ಎರಡು ಅಕೌಂಟ್ ಹುಟ್ಟುತ್ತವೆ. ನಿಮ್ಮ ಅಡ್ಮಿನ್ ಅಕೌಂಟ್ ಮಾತ್ರ ಮ್ಯಾನುವಲ್ ಇರಲಿ. ಎಲ್‌ಡ್ಯಾಪ್ ಕೈಕೊಟ್ಟ ದಿನ ಒಳಗೆ ಹೋಗಲು ಅದೊಂದೇ ದಾರಿ.

ಬ್ಯಾಕಪ್‌ಗೆ, ಡೈರೆಕ್ಟರಿಯನ್ನು ಫೈಲ್‌ಗೆ ಇಳಿಸುವ ಸ್ಲ್ಯಾಪ್‌ಕ್ಯಾಟ್ ಕಮಾಂಡ್ ದಿನಾ ರಾತ್ರಿ ಓಡಲಿ, ಡೇಟಾಕ್ಕೊಂದು ಸಲ, ಕಾನ್ಫಿಗ್‌ಗೊಂದು ಸಲ. ಫೈಲ್ ತೀರಾ ಚಿಕ್ಕದು, ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತದೆ.

ಎಲ್ಲರನ್ನೂ ಒಟ್ಟಿಗೇ ಬದಲಿಸಬೇಡಿ. ಬಿಸಿಎ ಇದ್ದರೆ ಅವರದೇ ಒಂದು ಕ್ಲಾಸಿನಿಂದ ಶುರು ಮಾಡಿ. ಎಲ್ಲೆಲ್ಲಿ ಲಾಗಿನ್ ಕೆಡುತ್ತದೆ ಎಂದು ಮಧ್ಯಾಹ್ನದೊಳಗೆ ಅವರೇ ಹುಡುಕಿ ಹೇಳುತ್ತಾರೆ.