ಟ್ರಂಪೆಟ್‌ಗೆ ಶಾಸ್ತ್ರೀಯ ಏಕವಾದನ ಕೃತಿಗಳು ಯಾಕಿಷ್ಟು ಕಡಿಮೆ?

ಶಿವಮೊಗ್ಗದ ಬ್ಯಾಂಡ್‌ಸೆಟ್‌ನಲ್ಲಿ ಟ್ರಂಪೆಟ್ ನುಡಿಸುವವರು ಪಾಶ್ಚಾತ್ಯ ಶಾಸ್ತ್ರೀಯ ಕಲಿಯಲು ಹೊರಟರೆ ನುಡಿಸಲು ಏನಿದೆ ಎಂಬುದು ಪ್ರಶ್ನೆ. ಪಿಟೀಲು, ಪಿಯಾನೊಗೆ ಹೋಲಿಸಿದರೆ ಬಹಳ ಕಡಿಮೆ. ಸುಮಾರು 1815ರವರೆಗೆ ಟ್ರಂಪೆಟ್‌ಗೆ ವಾಲ್ವ್‌ಗಳೇ (ಬೆರಳಿನಿಂದ ಒತ್ತಿ ಕೊಳವೆಯ ಉದ್ದ, ಹಾಗಾಗಿ ಸ್ವರ ಬದಲಿಸುವ ಗುಂಡಿಗಳು) ಇರಲಿಲ್ಲ.

ನಮ್ಮ ಜಾತ್ರೆಯ ಕೊಂಬು ನೆನಪಿಸಿಕೊಳ್ಳಿ. ಬರೀ ಕೊಳವೆ ಊದಿದರೆ ಕೆಳಗೆ ಸ, ಪ, ಮೇಲಿನ ಸ, ಗ, ಪ ಇಷ್ಟೇ ಬರುತ್ತವೆ. ರಿ ಸಿಗಬೇಕಾದರೆ ಇನ್ನೂ ಮೇಲಿನ ಸ್ಥಾಯಿಗೆ ಏರಬೇಕು. ಪೂರ್ತಿ ಸ್ವರಮಾಲೆ ಹೆಣೆಯಲು ಇದು ಸಾಲದು. ಸಂಯೋಜಕರಾದ ಹೇಡನ್ 1796ರಲ್ಲಿ, ಹುಮ್ಮೆಲ್ 1803ರಲ್ಲಿ ಬರೆದ ಕಾನ್ಸರ್ಟೊಗಳು (ವಾದ್ಯವೃಂದದೊಂದಿಗಿನ ಏಕವಾದನ) ವಿಯೆನ್ನಾದ ವಾದಕ ಆಂಟನ್ ವೈಡಿಂಗರ್‌ನ ಕೀಲಿ ಟ್ರಂಪೆಟ್‌ಗಾಗಿ. ಅದರಲ್ಲಿ ಕೀಲಿ ಒತ್ತಿ ಕೊಳವೆಯ ತೂತು ತೆರೆದರೆ ನಾದ ಮಂಕಾಗುತ್ತಿತ್ತು, ಹಾಗಾಗಿ ಅದು ಉಳಿಯಲಿಲ್ಲ.

ವಾಲ್ವ್ ಬಂದ ಮೇಲೂ ದೊಡ್ಡ ಸಂಯೋಜಕರು ಅದನ್ನು ವಾದ್ಯವೃಂದದಲ್ಲೇ ಇಟ್ಟರು. ಕೊರತೆ ತುಂಬಿದವರು ವಾದಕರೇ. ಫ್ರಾನ್ಸಿನ ಮೋರಿಸ್ ಆಂದ್ರೆ (1933–2012) ಓಬೊ (ಶಹನಾಯಿಯಂಥ ಊದುವಾದ್ಯ), ಪಿಟೀಲು ಕೃತಿಗಳನ್ನು ಪುಟ್ಟ ಪಿಕೊಲೊ ಟ್ರಂಪೆಟ್‌ಗೆ ತಂದರು. ಸ್ವೀಡನ್ನಿನ ಹೋಕನ್ ಹಾರ್ಡೆನ್‌ಬೆರ್ಗರ್ ಇಂದಿನ ಸಂಯೋಜಕರಿಂದ ಹೊಸದನ್ನೇ ಬರೆಸಿದರು.

ಎರವಲು ತರುವಾಗ ಎಡವುವುದು ಸ್ವರದಲ್ಲಲ್ಲ, ತುಟಿಯಲ್ಲಿ. ಓಬೊದ ಉದ್ದ ಸಾಲುಗಳು ಬಿಡುವು ಕೊಡುವುದಿಲ್ಲ, ಟ್ರಂಪೆಟ್ ವಾದಕರ ತುಟಿ ಬೇಗ ಸೋಲುತ್ತದೆ. ಉಸಿರಿನ ಜಾಗಗಳನ್ನು ಮೊದಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಕೆಲವು ಸಾಲು ಪಕ್ಕವಾದ್ಯಕ್ಕೆ ಬಿಟ್ಟುಕೊಡಿ. ಒಂದನೇ ಮತ್ತು ಮೂರನೇ ವಾಲ್ವ್ ಒಟ್ಟಿಗೆ ಒತ್ತಿದ ಸ್ವರ ಶ್ರುತಿಗಿಂತ ಏರುತ್ತದೆ. ಆಗ ಮೂರನೇ ವಾಲ್ವ್‌ನ ಸ್ಲೈಡ್ (ಜಾರುವ ಕೊಳವೆ) ಸ್ವಲ್ಪ ಹೊರಗೆಳೆಯಬೇಕು.