ಜೀನಿಯಲ್ಲಿ (ಕೋಡ್ ಬರೆಯುವ ಎಡಿಟರ್) ಫೈಲ್ ಹೆಸರಿನ ನಡುವೆ ಸ್ಪೇಸ್ ಇದ್ದರೆ ಕಂಪೈಲ್ ಆಗುತ್ತಿಲ್ಲ, ಯಾಕೆ?

ನಿಮ್ಮ ಸಿ ಪ್ರೋಗ್ರಾಮಿನಲ್ಲಿ ಏನೂ ತಪ್ಪಿಲ್ಲ, ತಪ್ಪಿರೋದು ಬಿಲ್ಡ್ ಕಮಾಂಡಿನಲ್ಲಿ, ಅಂದರೆ ಕಂಪೈಲ್ ಮಾಡಲು ಜೀನಿ ಓಡಿಸುವ ಸಾಲಿನಲ್ಲಿ. ಎಲ್ಲಿಂದಲೋ ಕಾಪಿ ಮಾಡಿ ಹಾಕಿಕೊಂಡೆ ಅಂತ ನೀವು ಕೊಟ್ಟಿರುವ ಸಾಲು ಇದು: ಜಿಸಿಸಿ -ಒ %ಇ %ಎಫ್. (ಜಿಸಿಸಿ ಅಂದರೆ ಸಿ ಕಂಪೈಲರ್. ನಾನು ಕನ್ನಡದಲ್ಲಿ ಬರೆದಿದ್ದೀನಿ, ನೀವು ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ.) ಇದರಲ್ಲಿ ಕೋಟ್ಸ್ ಇಲ್ಲ.

%ಎಫ್ ಇರುವ ಜಾಗಕ್ಕೆ ಜೀನಿ ತೆರೆದಿರುವ ಫೈಲಿನ ಹೆಸರನ್ನು ಇದ್ದ ಹಾಗೇ ತುಂಬುತ್ತೆ. %ಇ ಅಂದರೆ ಅದೇ ಹೆಸರು, ಎಕ್ಸ್‌ಟೆನ್ಶನ್ ಬಿಟ್ಟು. ಹಾಗೆ ತುಂಬಿದ ಸಾಲು ಶೆಲ್ (ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಮ್) ಕೈಗೆ ಹೋಗುತ್ತೆ. ಕೋಟ್ಸ್ ಒಳಗಿಲ್ಲದ ಸ್ಪೇಸ್ ಕಂಡಲ್ಲೆಲ್ಲ ಅದು ತುಂಡು ಮಾಡುತ್ತೆ. ನಿಮ್ಮ ಫೈಲು 'ಲ್ಯಾಬ್ 3.ಸಿ' ಅಂತಿಟ್ಟುಕೊಳ್ಳಿ. ಜಿಸಿಸಿಗೆ ತಲುಪೋದು: -ಒ, ಲ್ಯಾಬ್, 3, ಲ್ಯಾಬ್, 3.ಸಿ. -ಒ ಆದ ಮೇಲೆ ಬಂದ ಮೊದಲನೇ 'ಲ್ಯಾಬ್' ಔಟ್‌ಪುಟ್ (ತಯಾರಾಗುವ ಪ್ರೋಗ್ರಾಮ್ ಫೈಲಿನ) ಹೆಸರಾಯಿತು. ಉಳಿದ ಮೂರನ್ನೂ ಅದು ಬೇರೆ ಬೇರೆ ಫೈಲು ಅಂತ ಹುಡುಕಿ, ಒಂದೂ ಸಿಗದೆ ಎರರ್ ಕೊಡುತ್ತೆ. ನೀವು ನೋಡಿದ 'ಫೈಲ್ ಇಲ್ಲ' ಅನ್ನೋ ಸಾಲುಗಳು ಇವೇ.

ಬಿಲ್ಡ್ ಮೆನುವಿನಲ್ಲಿ ಸೆಟ್ ಬಿಲ್ಡ್ ಕಮಾಂಡ್ಸ್ ತೆರೆದು ಹೀಗೆ ಬದಲಾಯಿಸಿ: ಜಿಸಿಸಿ -ವಾಲ್ -ಒ "%ಇ" "%ಎಫ್". ('-ವಾಲ್' ಅಂದರೆ ಎಚ್ಚರಿಕೆಗಳನ್ನೂ ತೋರಿಸು ಅಂತ, ಅದರಲ್ಲಿ ಡಬ್ಲ್ಯೂ ಮಾತ್ರ ದೊಡ್ಡಕ್ಷರ.) ಜೀನಿ ತಾನಾಗಿ ಕೊಡುವ ಸಾಲಿನಲ್ಲೂ ಈ ಕೋಟ್ಸ್ ಇರುತ್ತೆ. ಕಾಪಿ ಹೊಡೆದ ಸಾಲಿನಲ್ಲೇ ಅದು ಕಳೆದುಹೋಗಿರೋದು.

ಇನ್ನೂ ಅನುಮಾನ ಇದ್ದರೆ ಕೆಳಗಿನ ಕಂಪೈಲರ್ ಟ್ಯಾಬಿನ ಮೊದಲ ಸಾಲು ನೋಡಿ. ಹೆಸರು ತುಂಬಿದ ಮೇಲಿನ ನಿಜವಾದ ಕಮಾಂಡು, ಯಾವ ಫೋಲ್ಡರಿನಲ್ಲಿ ಓಡಿತು ಅನ್ನೋದು ಎರಡೂ ಅಲ್ಲಿರುತ್ತೆ. ಎರರ್ ಓದೋಕೆ ಮುಂಚೆ ಅದನ್ನ ಓದಿದರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತೆ.

ಬೇರೆ ಕಡೆ ಇದೇ %ಎಫ್ ಕಂಡರೆ ಇದೇ ನಿಯಮ ಅಂದುಕೊಳ್ಳಬೇಡಿ. ಲಿನಕ್ಸಿನಲ್ಲಿ ಆ್ಯಪ್ ಐಕಾನಿಗೆ ಬರೆಯುವ ಡೆಸ್ಕ್‌ಟಾಪ್ ಫೈಲಿನಲ್ಲೂ %ಎಫ್ ಇದೆ, ಆದರೆ ಅಲ್ಲಿ ಅದನ್ನ ಕೋಟ್ಸ್ ಒಳಗೆ ಹಾಕಲೇಬಾರದು. ಅದೇ ಎಫ್ ದೊಡ್ಡಕ್ಷರವಾದರೆ ಹಲವು ಫೈಲುಗಳು ಅಂತ ಅರ್ಥ. ಪ್ರತಿ ಟೂಲಿಗೂ ಅದರದೇ ಮ್ಯಾನ್ಯುಯಲ್ ನೋಡೋದೇ ಸರಿ.

ಇನ್ನು ಔಟ್‌ಪುಟ್ಟನ್ನು ಪ್ರಾಜೆಕ್ಟಿನ 'ಬಿನ್' ಫೋಲ್ಡರಿಗೆ ಕಳಿಸೋದು ಹೇಗೆ ಅಂತಲೂ ಕೇಳಿದ್ದೀರಿ. %ಡಿ ಅಂದರೆ ಫೈಲ್ ಇರುವ ಫೋಲ್ಡರಿನ ಪೂರ್ತಿ ಪಾತ್, %ಪಿ ಅಂದರೆ ಪ್ರಾಜೆಕ್ಟಿನ ಬೇಸ್ ಪಾತ್. ನಿಮಗೆ ಬೇಕಾದ್ದು ಎರಡನೆಯದು: -ಒ "%ಪಿ/ಬಿನ್/%ಇ". ಪ್ರಾಜೆಕ್ಟ್ ತೆರೆದಿರಲಿ, 'ಬಿನ್' ಫೋಲ್ಡರನ್ನು ಮೊದಲೇ ಮಾಡಿಡಿ, ಜಿಸಿಸಿ ಮಾಡಿಕೊಡಲ್ಲ. ಎಕ್ಸಿಕ್ಯೂಟ್ ಕಮಾಂಡ್ "./%ಇ" ಅಂತಿರುತ್ತೆ, ಅದನ್ನೂ "%ಪಿ/ಬಿನ್/%ಇ" ಮಾಡಿ. ಇಲ್ಲದಿದ್ದರೆ ಎಫ್5 ಒತ್ತಿದಾಗ ಹಳೇ ಪ್ರೋಗ್ರಾಮೇ ಓಡುತ್ತಿರುತ್ತೆ.